ಏರ್ ಡೆಕ್ಕನ್

ಬೆಂಗಳೂರಿನ ವಿಮಾನಯಾನ ಸಂಸ್ಥೆ. ಭಾರತದಲ್ಲಿ ಅಗ್ಗದ ದರದ ವಿಮಾನ ಪ್ರಯಾಣಕ್ಕೆ ನಾಂದಿ ಹಾಡಿತು. ಸ್ಥಾಪಕರು ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್. ಸೈನ್ಯ ಬಿಟ್ಟು ಬಂದು ರೇಷ್ಮೆ ಕೃಷಿ ಮಾಡಿದವರು. ಮೂಲ ಸಂಸ್ಥೆ ಡೆಕ್ಕನ್ ಏವಿಯೇಷನ್, ಜಕ್ಕೂರಿನಿಂದ ಹೆಲಿಕಾಪ್ಟರ್‌ಗಳನ್ನು ಬಾಡಿಗೆಗೆ ಕೊಡುತ್ತಿತ್ತು.

2003ರ ಆಗಸ್ಟ್‌ನಲ್ಲಿ ಬೆಂಗಳೂರು–ಹುಬ್ಬಳ್ಳಿ ನಡುವೆ ಹಾರಾಟ ಶುರುವಾಯಿತು. ವಿಮಾನ ಎಟಿಆರ್ 42: ರೆಕ್ಕೆ ಮೇಲೆ, ಪ್ರೊಪೆಲ್ಲರ್ ಎರಡು, ಸೀಟು ಐವತ್ತರ ಒಳಗೆ; ಸಣ್ಣ ಊರಿನ ಗಿಡ್ಡ ರನ್‌ವೇಗೆ ಹೇಳಿ ಮಾಡಿಸಿದಂಥದ್ದು. ಊಟ-ತಿಂಡಿ ಪುಕ್ಕಟೆ ಇಲ್ಲ, ನೀರಿಗೂ ಕಾಸು. ಸೀಟಿಗೆ ನಂಬರಿಲ್ಲದ್ದರಿಂದ ಮೊದಲು ಹತ್ತಿದವರಿಗೆ ಕಿಟಕಿ, ಥೇಟ್ ನಮ್ಮ ಕೆಂಪು ಬಸ್ಸಿನ ಹಾಗೆ. ಕೆಲವು ಟಿಕೆಟ್ ಒಂದೇ ರೂಪಾಯಿಗೂ ಸಿಕ್ಕಿತು. ಪೆಟ್ರೋಲ್ ಬಂಕಿನಲ್ಲೂ ಮಾರಾಟವಿತ್ತು. ಆರ್. ಕೆ. ಲಕ್ಷ್ಮಣರ ಶ್ರೀಸಾಮಾನ್ಯನೇ ಲಾಂಛನ. ಅದಕ್ಕಿಂತ ಒಪ್ಪುವ ಗುರುತು ಸಿಗುತ್ತಿರಲಿಲ್ಲ.

ಜನ ತುಂಬಿದರೂ ನಷ್ಟ ತುಂಬಲಿಲ್ಲ. 2007ರಲ್ಲಿ ವಿಜಯ್ ಮಲ್ಯರ ಸಮೂಹ ಪಾಲು ಕೊಂಡಿತು. ಮರುವರ್ಷ ಹೆಸರು ಕಿಂಗ್‌ಫಿಷರ್ ರೆಡ್ ಆಯಿತು. ಉಡಾನ್ ಯೋಜನೆಯಡಿ 2017ರಲ್ಲಿ ಹಳೆಯ ಹೆಸರು ಮತ್ತೆ ಹಾರಿ, 2020ರ ಏಪ್ರಿಲ್‌ನಲ್ಲಿ, ಕೊರೊನಾ ಲಾಕ್‌ಡೌನ್ ನಡುವೆ, ನಿಂತಿತು. ಗೋಪಿನಾಥರ ಆತ್ಮಕಥೆಯೇ 2020ರ ತಮಿಳು ಚಿತ್ರ 'ಸೂರರೈ ಪೋಟ್ರು'ವಿಗೆ ಆಧಾರ.