ಒಂದು ಡಾಲರಿನ ಗಡಿಯಾರ ಮತ್ತು ಒಂಟಿ ನಾವಿಕ

ಮೆಗೆಲ್ಲನ್ನನ ತಂಡ ಭೂಮಿಯನ್ನು ಸುತ್ತಿದ ಕಥೆಯನ್ನು ಸಮಾಜ ಪಾಠದಲ್ಲಿ ನಾವೆಲ್ಲ ಓದಿದ್ದೇವೆ. ಹೊರಟಾಗ ಐದು ಹಡಗು, ಇನ್ನೂರಕ್ಕೂ ಹೆಚ್ಚು ಜನ. ಆದರೆ ಒಬ್ಬನೇ ಮನುಷ್ಯ ಚಿಕ್ಕ ಹಾಯಿದೋಣಿಯಲ್ಲಿ ಮೊದಲ ಬಾರಿಗೆ ಭೂಮಿ ಸುತ್ತಿದ ಕಥೆ ಪಾಠಪುಸ್ತಕದಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಅವನ ಹೆಸರು ಜೋಶುವಾ ಸ್ಲೋಕಮ್.

ಸ್ಲೋಕಮ್ ಹುಟ್ಟಿದ್ದು 1844ರಲ್ಲಿ, ಕೆನಡಾದ ನೋವಾ ಸ್ಕೋಶಿಯಾದಲ್ಲಿ. ಎಳೆಯ ವಯಸ್ಸಿನಲ್ಲೇ ತಂದೆ ಅವನ ಶಾಲೆ ಬಿಡಿಸಿ ಬೂಟು ತಯಾರಿಸುವ ಕೆಲಸಕ್ಕೆ ಕೂರಿಸಿದರು. ಹುಡುಗ ಮನೆ ಬಿಟ್ಟು ಸಮುದ್ರ ಸೇರಿದ, ದೊಡ್ಡ ಹಾಯಿ ಹಡಗುಗಳ ಕಪ್ತಾನನಾದ. ಅಷ್ಟರಲ್ಲಿ ಉಗಿ ಹಡಗುಗಳ ಕಾಲ ಬಂತು. ಹಾಯಿ ಬಲ್ಲವನನ್ನು ಕೇಳುವವರಿಲ್ಲದಾಯಿತು. ನಮ್ಮ ಕರಾವಳಿಯಲ್ಲಿ ಹೆಂಚು ಹೊತ್ತು ಸಾಗುತ್ತಿದ್ದ ಮಂಜಿಗಳಿಗೂ ಮುಂದೆ ಇಂಥದೇ ಗತಿ ಬಂತಲ್ಲವೇ?

1892ರಲ್ಲಿ ಪರಿಚಯದ ಕಪ್ತಾನನೊಬ್ಬ ಅವನಿಗೆ ಒಂದು ದೋಣಿ ಕೊಟ್ಟ. ಹೋಗಿ ನೋಡಿದರೆ ಅದು ಗದ್ದೆಯಲ್ಲಿ ಬಿದ್ದಿದ್ದ ಮುರುಕು ದೋಣಿ! ಸ್ಲೋಕಮ್ ಬೇಸರಪಡಲಿಲ್ಲ. ತಾನೇ ಓಕ್ ಮರ ಕಡಿದು 13 ತಿಂಗಳು ದುಡಿದು ಅದನ್ನು ಹೊಸದಾಗಿ ಕಟ್ಟಿದ. ಖರ್ಚು 553 ಡಾಲರ್ 62 ಸೆಂಟ್. ಉದ್ದ 36 ಅಡಿ 9 ಅಂಗುಲ, ಅಗಲ 14 ಅಡಿ 2 ಅಂಗುಲ. ಹೆಸರು 'ಸ್ಪ್ರೇ'. 1895ರ ಏಪ್ರಿಲ್ 24ರಂದು ಬೋಸ್ಟನ್ನಿನಿಂದ ಹೊರಟಾಗ ಅವನಿಗೆ 51 ವರ್ಷ.

ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಆದ್ದರಿಂದ ಸಮುದ್ರದ ನಡುವೆ ರೇಖಾಂಶ ತಿಳಿಯಲು ನಿಖರವಾದ ಗಡಿಯಾರ ಬೇಕು. ಅವನಲ್ಲಿದ್ದ ಒಳ್ಳೆಯ ಗಡಿಯಾರದ ರಿಪೇರಿಗೆ 15 ಡಾಲರ್ ಕೇಳಿದರು. ಅದನ್ನು ಮನೆಯಲ್ಲೇ ಬಿಟ್ಟು, ಒಂದೂವರೆ ಡಾಲರಿನ ತಗಡಿನ ಗಡಿಯಾರವನ್ನು, ಮುಖ ಒಡೆದಿತ್ತೆಂದು ಒಂದು ಡಾಲರಿಗೆ ಕೊಂಡ. ಮುಂದೆ ಅದರ ನಿಮಿಷದ ಮುಳ್ಳೂ ಕಳಚಿತು. ನೀರಲ್ಲಿ ಕುದಿಸಿದ ಮೇಲೆ ಮತ್ತೆ ಗಂಟೆ ತೋರಿಸಿತಂತೆ! ಅವನು ನಂಬಿದ್ದು ತನ್ನ ಅಂದಾಜನ್ನು. ಪೆಸಿಫಿಕ್ಕಿನಲ್ಲಿ ಚಂದ್ರನ ಸ್ಥಾನ ಅಳೆದು ಲೆಕ್ಕ ಹಾಕಿದಾಗ ಅದಕ್ಕೂ ಅಂದಾಜಿಗೂ ಐದು ಮೈಲಿಯಷ್ಟೇ ವ್ಯತ್ಯಾಸ.

ಹುವಾನ್ ಫರ್ನಾಂಡಿಸ್ ದ್ವೀಪದಿಂದ ಸಮೋವಾಕ್ಕೆ 72 ದಿನ ಎಲ್ಲೂ ಇಳಿಯದೆ ಸಾಗಿದ. ಊಟಕ್ಕೆ ಆಲೂಗಡ್ಡೆ, ಉಪ್ಪು ಹಾಕಿದ ಕಾಡ್ ಮೀನು, ತಾನೇ ಮಾಡಿಕೊಂಡ ಬಿಸ್ಕತ್ತು, ಕಾಫಿ. ರಾತ್ರಿ ಹಾಯಿಗೆ ಬಡಿದು ಬಿದ್ದ ಹಾರುವ ಮೀನುಗಳೇ ಬೆಳಗಿನ ತಿಂಡಿ.

ಹಾಗಾದರೆ ನಿದ್ದೆ? ಹಾಯಿಗಳನ್ನು ಸರಿದೂಗಿಸಿ ಚುಕ್ಕಾಣಿ ಕಟ್ಟಿಬಿಟ್ಟರೆ 'ಸ್ಪ್ರೇ' ತಾನಾಗಿ ನೇರ ಸಾಗುತ್ತಿತ್ತು. ಹಿಂದೂ ಮಹಾಸಾಗರದಲ್ಲಿ ಕೀಲಿಂಗ್ ದ್ವೀಪಗಳಿಗೆ 2,700 ಮೈಲಿಯ 23 ದಿನಗಳ ಪಯಣದಲ್ಲಿ ಅವನು ಚುಕ್ಕಾಣಿ ಹಿಡಿದದ್ದು ಒಟ್ಟು ಮೂರು ಗಂಟೆಯೂ ಇಲ್ಲ. ಉಳಿದ ಹೊತ್ತು ಓದು, ಅಡುಗೆ, ಹಾಯಿ ಹೊಲಿಗೆ.

ಕಷ್ಟವಾದದ್ದು ಒಂಟಿತನ. ಮಾತು ಮರೆತೀತೆಂದು ಮೊದಮೊದಲು ಇಲ್ಲದ ನಾವಿಕನಿಗೆ ಗಟ್ಟಿಯಾಗಿ ಆಜ್ಞೆ ಕೊಡುತ್ತಿದ್ದ. ಉತ್ತರ ಬರಲಿಲ್ಲ; ತನ್ನ ದನಿ ತನಗೇ ಪೊಳ್ಳೆನಿಸಿ ಅದನ್ನು ಬಿಟ್ಟು ಹಾಡತೊಡಗಿದ. ಕೇಳುಗರು ಸಮುದ್ರದ ಆಮೆಗಳು. ಸೇಂಟ್ ಹೆಲೆನಾದಲ್ಲಿ ಯಾರೋ ಕೊಟ್ಟ ಆಡು ಜೊತೆಗಾರನಾಗುವ ಬದಲು ಕೆರಿಬಿಯನ್ ಸಮುದ್ರದ ನಕ್ಷೆಯನ್ನೇ ತಿಂದುಹಾಕಿತು!

ಹಣವೂ ಇರಲಿಲ್ಲ. ಮೆಲ್ಬೋರ್ನಿನಲ್ಲಿ ಬಂದರಿನ ಸುಂಕ ಕಟ್ಟಲು, ದೋಣಿ ನೋಡಬಂದವರಿಂದ ತಲಾ ಆರು ಪೆನ್ಸ್ ಪಡೆದ.

1898ರ ಜೂನ್ 27ರಂದು ಅಮೆರಿಕದ ನ್ಯೂಪೋರ್ಟ್ ತಲುಪಿದಾಗ ಮೂರು ವರ್ಷ ಎರಡು ತಿಂಗಳು ಕಳೆದಿತ್ತು. ಕ್ರಮಿಸಿದ್ದು 46,000 ಮೈಲಿ. 1900ರಲ್ಲಿ ಬಂದ ಅವನ ಪ್ರವಾಸಗ್ರಂಥವನ್ನು ಜನ ಇಂದಿಗೂ ಓದುತ್ತಾರೆ. ಈಜು ಬಾರದ ಈ ನಾವಿಕ 1909ರಲ್ಲಿ ಅದೇ ದೋಣಿಯಲ್ಲಿ ಮತ್ತೆ ಹೊರಟವನು ಮರಳಲೇ ಇಲ್ಲ.

ಹಾಯಿ ಹಡಗಿನ ಕಾಲ ಮುಗಿಯಿತೆಂದು ಲೋಕ ತೀರ್ಮಾನಿಸಿದಾಗ, ಕೈಯಲ್ಲಿದ್ದ ವಿದ್ಯೆಯನ್ನು ಅವನು ಕೆಳಗಿಡಲಿಲ್ಲ. ಆ ವಿದ್ಯೆಯಿಂದಲೇ ಅದುವರೆಗೆ ಯಾರೂ ಮಾಡದ್ದನ್ನು ಮಾಡಿದ. ತರಗತಿಯ ಭೂಗೋಲದ ಮೇಲೆ ಒಂದು ದಾರ ಹಿಡಿದು ಮಕ್ಕಳಿಂದ ಈ ದಾರಿ ಗುರುತಿಸಿ: ಬೋಸ್ಟನ್, ಜಿಬ್ರಾಲ್ಟರ್, ಬ್ರೆಜಿಲ್, ಮೆಗೆಲ್ಲನ್ ಜಲಸಂಧಿ, ಸಮೋವಾ, ಆಸ್ಟ್ರೇಲಿಯಾ, ಮಾರಿಷಸ್, ಕೇಪ್ ಟೌನ್, ಸೇಂಟ್ ಹೆಲೆನಾ, ನ್ಯೂಪೋರ್ಟ್. ರೇಖಾಂಶದ ಪಾಠ ಆಗ ತಾನಾಗಿ ತಲೆಗೆ ಹತ್ತುತ್ತದೆ.