ಹೇಮಾವತಿಯ ದಂಡೆಯಿಂದ ಬಂದ ಉದ್ಯಮಿ

ಗೊರೂರು ಎಂದೊಡನೆ ಕನ್ನಡ ಓದುಗರಿಗೆ ನೆನಪಾಗುವವರು ರಾಮಸ್ವಾಮಿ ಅಯ್ಯಂಗಾರ್ಯರು. ಹಾಸನಕ್ಕೆ ತೆಂಕಲಾಗಿ ಹೇಮಾವತಿಯ ದಂಡೆಯ ಮೇಲಿರುವ ಆ ಪುಟ್ಟ ಊರನ್ನೂ, ಅದರ ಹೊಳೆಯನ್ನೂ, ಅಲ್ಲಿನ ಜನರ ಸರಸವನ್ನೂ ಅವರು ನಾಡಿಗೆಲ್ಲ ಹಂಚಿದರು. ಗಾಂಧೀಜಿಯವರ ಹಾದಿ ಹಿಡಿದು ಖಾದಿ, ಗ್ರಾಮಸೇವೆ ಎಂದು ದುಡಿದ ಆ ಹಿರಿಯರು ಮುಪ್ಪಿನಲ್ಲಿ ಒಮ್ಮೆ ವಿಮಾನವೇರಿ ಅಮೆರಿಕಕ್ಕೆ ಹೋಗಿ ಬಂದರು. ಆ ಪ್ರವಾಸದ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಗೊರೂರಿನವರೊಬ್ಬರು ವಿಮಾನದಲ್ಲಿ ಕುಳಿತದ್ದೇ ಆ ದಿನಗಳಲ್ಲಿ ಒಂದು ಪುಸ್ತಕಕ್ಕೆ ತಕ್ಕ ವಿಷಯವಾಗಿತ್ತು. ಅದೇ ಊರಿನಲ್ಲಿ ಬೆಳೆದ ಇನ್ನೊಬ್ಬರು ಇಪ್ಪತ್ತು ಇಪ್ಪತ್ತೈದು ವರ್ಷಗಳ ಬಳಿಕ ವಿಮಾನ ಸಂಸ್ಥೆಯನ್ನೇ ಕಟ್ಟಿ, ಸಾಮಾನ್ಯ ಸಂಸಾರಸ್ಥರನ್ನು ಅದರಲ್ಲಿ ಕೂರಿಸಿದರು. ಕ್ಯಾಪ್ಟನ್ ಜಿ. ಆರ್. ಗೋಪಿನಾಥರ ಈ ವೃತ್ತಾಂತ ಈಗ ನಮಗೆ ಹೆಚ್ಚಾಗಿ ಸಿನಿಮಾದ ಮೂಲಕವೇ ಗೊತ್ತಿದೆ. ಅವರ ಆತ್ಮಕಥೆಯ ಕೆಲವು ಭಾಗಗಳನ್ನು ಆಧರಿಸಿ 2020ರಲ್ಲಿ ತೆರೆಕಂಡ ತಮಿಳು ಚಿತ್ರ ರಾಷ್ಟ್ರಪ್ರಶಸ್ತಿಗಳನ್ನೂ ಪಡೆಯಿತು. ಅದರಲ್ಲಿ ಹೇಮಾವತಿ ಇಲ್ಲ, ಗೊರೂರಿಲ್ಲ, ಜಾವಗಲ್ಲಿನ ಒಣಭೂಮಿಯೂ ಇಲ್ಲ. ಕಥೆಗೆ ಬೇಕಾದದ್ದು ಬಡತನ ಮತ್ತು ಛಲ. ಚರಿತ್ರೆಗೆ ಅಷ್ಟು ಸಾಲದು; ಆ ಛಲಕ್ಕೆ ಕಾಲೂರಲು ನೆಲ ಎಲ್ಲಿ ಸಿಕ್ಕಿತೆಂದು ಅದು ಕೇಳಬೇಕಾಗುತ್ತದೆ.

ಗೋಪಿನಾಥರು ಹುಟ್ಟಿದ್ದು 1951ರಲ್ಲಿ, ಎಂಟು ಮಕ್ಕಳಲ್ಲಿ ಎರಡನೆಯವರಾಗಿ. ತಂದೆ ಶಾಲಾ ಉಪಾಧ್ಯಾಯರು. ಜೊತೆಗೆ ಬೇಸಾಯವೂ ಉಂಟು, ಕನ್ನಡದಲ್ಲಿ ಬರೆಯುವ ಹವ್ಯಾಸವೂ ಉಂಟು. ಎಂಟು ಮಕ್ಕಳ ಮೇಷ್ಟರ ಸಂಸಾರವೆಂದರೆ ಹೇಗಿದ್ದೀತೆಂಬುದನ್ನು ಆ ತಲೆಮಾರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದನ್ನು ಅನ್ನವಿಲ್ಲದ ಮನೆಯೆಂದು ಬಣ್ಣಿಸುವುದು ಸರಿಯಲ್ಲ. ದುಡ್ಡು ಕಡಿಮೆ, ಓದು ಹೆಚ್ಚು. ಹಳೆಯ ಮೈಸೂರು ಸೀಮೆಯಲ್ಲಿ ಇಂಥ ಮನೆಗಳು ನೂರಾರಿದ್ದವು. ಶಾಲೆಯ ಕಟ್ಟುಪಾಡು ಮಕ್ಕಳ ಬುದ್ಧಿಯನ್ನು ಕಟ್ಟಿಹಾಕುತ್ತದೆ ಎಂಬುದು ಶಾಲಾ ಮಾಸ್ತರರೇ ಆದ ತಂದೆಯ ಅಭಿಪ್ರಾಯ! ಮಗನನ್ನು ಮೊದಲ ನಾಲ್ಕು ವರ್ಷ ಶಾಲೆಗೆ ಕಳಿಸದೆ, ಮನೆಯಲ್ಲಿಯೂ ಹೊಲದಲ್ಲಿಯೂ ತಾವೇ ಕಲಿಸಿದರು. ಹುಡುಗ ನೆಟ್ಟಗೆ ಐದನೆಯ ತರಗತಿಗೆ ಹೋಗಿ ಕುಳಿತ. ಕಾಲೇಜಿನಲ್ಲಿ ಪಾಠ ಹೇಳುವ ನನ್ನಂಥವನಿಗೆ ಈ ಸಂಗತಿ ಹಿತವೇನಲ್ಲ, ಆದರೂ ಒಪ್ಪಿಕೊಳ್ಳಬೇಕಾದದ್ದೇ.

ಮುಂದೆ ಒದಗಿದ್ದು ಸೈನಿಕ ಶಾಲೆ. ಕೃಷ್ಣ ಮೆನನ್ನರು ರಕ್ಷಣಾ ಮಂತ್ರಿಗಳಾಗಿದ್ದಾಗ, 1961ರಲ್ಲಿ, ಸೇನೆಯ ಅಧಿಕಾರಿ ಪದವಿಗಳು ಸಿರಿವಂತರ ಮಕ್ಕಳಿಗಷ್ಟೇ ಮೀಸಲಾಗಬಾರದೆಂಬ ಉದ್ದೇಶದಿಂದ ಆರಂಭವಾದ ಯೋಜನೆ ಅದು. ಮೈಸೂರು ರಾಜ್ಯದ ಪಾಲಿಗೆ ಬಂದ ಶಾಲೆ 1963ರಲ್ಲಿ ಬಿಜಾಪುರದಲ್ಲಿ ತೆರೆಯಿತು. ಪ್ರವೇಶ ಪರೀಕ್ಷೆಯನ್ನು ಗೋಪಿನಾಥರು ಮೊದಲು ಎದುರಿಸಿದಾಗ ಪ್ರಶ್ನೆಗಳು ಇಂಗ್ಲಿಷಿನಲ್ಲಿದ್ದವು. ಕನ್ನಡ ಶಾಲೆಯ ಹುಡುಗನಿಗೆ ಅವು ಅರ್ಥವಾಗಲಿಲ್ಲ. ಬಳಿಕ ದೇಶಭಾಷೆಗಳಲ್ಲಿಯೂ ಪರೀಕ್ಷೆ ಬರೆಯಬಹುದೆಂದಾಯಿತು. ಕನ್ನಡದಲ್ಲಿ ಬರೆದು ತೇರ್ಗಡೆಯಾದೆನೆಂದು ಅವರೇ ಹೇಳಿಕೊಂಡಿದ್ದಾರೆ. ಇಡೀ ಕಥೆಯಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಈ ಚಿಕ್ಕ ಸಂಗತಿ. ಹುಡುಗನ ಬುದ್ಧಿ ಎರಡು ಸಲವೂ ಅಷ್ಟೇ ಇತ್ತು; ಬದಲಾದದ್ದು ಪ್ರಶ್ನೆಪತ್ರಿಕೆಯ ಭಾಷೆ. ಆ ಬದಲಾವಣೆ ಆಗದಿದ್ದರೆ ಹಾಸನದ ಯಾವುದೋ ಕಚೇರಿಯಲ್ಲಿ ಒಬ್ಬ ಒಳ್ಳೆಯ ಗುಮಾಸ್ತೆ ಇರುತ್ತಿದ್ದರೋ ಏನೋ.

ಬಿಜಾಪುರದಿಂದ ಖಡಕ್ವಾಸಲಾದ ರಕ್ಷಣಾ ಅಕಾಡೆಮಿ, ಅಲ್ಲಿಂದ ಡೆಹರಾಡೂನ್, ಅಲ್ಲಿಂದ ಸೇನೆ. 1971ರ ಬಾಂಗ್ಲಾ ಯುದ್ಧದಲ್ಲಿ ಭಾಗವಹಿಸಿದರು. ಎಂಟು ವರ್ಷ ದುಡಿದು, ಮೂವತ್ತು ತುಂಬುವ ಮುನ್ನವೇ ಕ್ಯಾಪ್ಟನ್ ಪದವಿಯಲ್ಲಿದ್ದಾಗ ರಾಜೀನಾಮೆ ಕೊಟ್ಟು ಊರಿಗೆ ಬಂದರು. ಕೈಯಲ್ಲಿದ್ದದ್ದು ಕೆಲವೇ ಸಾವಿರ ರೂಪಾಯಿ.

ಬಂದದ್ದು ಯಾವ ಊರಿಗೆ? ಇಲ್ಲಿ ಹೊಳೆಯ ಕಥೆಯನ್ನು ತುಸು ಹೇಳಬೇಕು. ಮೂಡಿಗೆರೆಯ ಬೆಟ್ಟಗಳಲ್ಲಿ ಹುಟ್ಟಿ, ಸಕಲೇಶಪುರವನ್ನು ಹಾದು, ಗೊರೂರನ್ನು ಬಳಸಿ, ಹೊಳೆನರಸೀಪುರದ ಮೇಲೆ ಹರಿದು ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಸೇರುವ ಹೇಮಾವತಿಗೆ ಅಣೆಕಟ್ಟು ಕಟ್ಟಬೇಕೆಂಬ ಆಲೋಚನೆ ಹಳೆಯದು. ಕಾವೇರಿಯ ನೀರಿನ ಬಗ್ಗೆ ಮದ್ರಾಸಿನೊಂದಿಗೆ 1924ರಲ್ಲಿ ಆದ ಒಪ್ಪಂದದ ತಕರಾರುಗಳಿಂದಾಗಿ ದಿಲ್ಲಿಯ ಒಪ್ಪಿಗೆ ದೊರೆಯದಿದ್ದಾಗ, ರಾಜ್ಯ ಸರ್ಕಾರ ತನ್ನ ಹಣದಿಂದಲೇ ಕೆಲಸಕ್ಕೆ ಕೈಹಾಕಿತು. ಗೊರೂರಿನ ಬಳಿ ಅರುವತ್ತರ ದಶಕದ ಕೊನೆಗೆ ಮೊದಲಾದ ಕಟ್ಟೆ 1979ರಲ್ಲಿ ಮುಗಿಯಿತು. ಉದ್ದ 4,692 ಮೀಟರು, ಎತ್ತರ 58.5 ಮೀಟರು, ಹಿಡಿಯುವ ನೀರು 37 ಟಿ.ಎಂ.ಸಿ.ಗೆ ಮೇಲೆ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಒಣಹೊಲಗಳಿಗೆ ಕಾಲುವೆ ಬಂತು. ಕಟ್ಟೆಯ ಹಿಂದೆ ಹಲವು ಹಳ್ಳಿಗಳು, ಗದ್ದೆ ತೋಟಗಳು ಮುಳುಗಿದವು. ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದ ಶೆಟ್ಟಿಹಳ್ಳಿಯ ಇಗರ್ಜಿಯನ್ನು ಮಳೆಗಾಲದಲ್ಲಿ ನೀರು ಸುತ್ತುವರಿದಾಗ ನೋಡಲು ಪಟ್ಟಣಗಳಿಂದ ಜನ ಹೋಗುತ್ತಾರೆ. ಸೊಗಸಾದ ಚಿತ್ರಗಳನ್ನು ತೆಗೆದುಕೊಂಡು ಬರುತ್ತಾರೆ. ಅಲ್ಲಿ ಪೂಜೆ ಸಲ್ಲಿಸುತ್ತಿದ್ದ ಸಂಸಾರಗಳು ಎಲ್ಲಿಗೆ ಹೋದವೆಂದು ಕೇಳುವವರು ಕಡಿಮೆ.

ಗೋಪಿನಾಥರ ಮನೆತನದ ಜಮೀನೂ ಮುಳುಗಡೆಗೆ ಸೇರಿತು. ಅದಕ್ಕೆ ಬದಲಾಗಿ ಸರ್ಕಾರ ಕೊಟ್ಟದ್ದು ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನ ಹತ್ತಿರ ಬಂಜರು ನೆಲ. ಗೊರೂರು ಹಾಸನಕ್ಕೆ ದಕ್ಷಿಣ. ಜಾವಗಲ್ಲು ಹಾಸನಕ್ಕೆ ಉತ್ತರ. ಒಂದೇ ಜಿಲ್ಲೆಯೆಂಬುದು ಕಾಗದದ ಮಾತು. ಹೊಳೆಯ ದಂಡೆಯ ಗದ್ದೆಯವನಿಗೆ ಅರಸೀಕೆರೆ ಕಡೆಯ ಒಣಸೀಮೆ ಬೇರೆ ದೇಶವೇ ಸರಿ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹನ ದೇಗುಲ ಅಲ್ಲಿರುವುದರಿಂದ, ಗೊರೂರಿನ ಹೊಳೆದಂಡೆಯ ನರಸಿಂಹನನ್ನು ಬಿಟ್ಟುಬಂದವರಿಗೆ ದೇವರೊಬ್ಬ ಮಾತ್ರ ಬದಲಾಗಲಿಲ್ಲವೆನ್ನಬಹುದು. ಸೇನೆಯಿಂದ ಮರಳಿದ ತರುಣ ಆ ಬಂಜರಿನಲ್ಲಿ ಡೇರೆ ಹಾಕಿದ. ನೀರು, ವಿದ್ಯುತ್ತು, ದಾರಿ ಯಾವುದೂ ಇಲ್ಲದ ಜಾಗ. ಬೇಸಾಯವೇ ವೃತ್ತಿಯಾಗಬೇಕೆಂದು ಹೊರಟವನಿಗೆ ಆ ವೃತ್ತಿಯ ಅನುಭವವೂ ಹೆಚ್ಚಿರಲಿಲ್ಲ.

ವಿಮಾನದ ಕಥೆಗಿಂತ ಈ ಹೊಲದ ಕಥೆಯೇ ನನಗೆ ಹೆಚ್ಚಿನದೆನಿಸುತ್ತದೆ. ಮೊದಲ ವರ್ಷಗಳಲ್ಲಿ ಎಲ್ಲರಂತೆ ಅವರೂ ಸಾಲ ಮಾಡಿದರು, ತೆಂಗು ನೆಟ್ಟರು, ಗೊಬ್ಬರ ಔಷಧಿಗಳಿಗೆ ಹಣ ಸುರಿದರು. ಹೈನು, ಕೋಳಿ, ರೇಷ್ಮೆ, ಹೀಗೆ ಒಂದರಲ್ಲಿ ಸೋತು ಇನ್ನೊಂದನ್ನು ಹಿಡಿದರು. ಖರ್ಚು ಬೆಳೆಯಿತು, ಬೆಳೆ ಬೆಳೆಯಲಿಲ್ಲ. ಆಗ ಜಪಾನಿನ ಮಸನೊಬು ಫುಕುವೊಕಾರ ಬರಹ ಕಣ್ಣಿಗೆ ಬಿತ್ತು. ಉಳದೆ, ರಾಸಾಯನಿಕ ಹಾಕದೆ, ನೆಲದ ಕಸವನ್ನು ನೆಲಕ್ಕೇ ಬಿಟ್ಟು ಬೆಳೆ ತೆಗೆಯಬಹುದೆಂದ ರೈತ ಆತ. ಗೋಪಿನಾಥರು ಕೂಡ ಖರ್ಚುಗಳನ್ನು ಒಂದೊಂದಾಗಿ ಕಡಿಯತೊಡಗಿದರು. ರೇಷ್ಮೆ ಈ ಕ್ರಮಕ್ಕೆ ಒಗ್ಗುವ ಕಸುಬು. ಹಿಪ್ಪುನೇರಳೆ ಸೊಪ್ಪಿಗೆ ಕೀಟನಾಶಕ ತಾಕಿದರೆ ಹುಳು ಸಾಯುತ್ತದೆ. ತಿಂಗಳಿನೊಳಗಾಗಿ ನಾಲ್ಕು ಜ್ವರಗಳನ್ನು ದಾಟಿ ಹುಳು ಗೂಡು ಕಟ್ಟುವಷ್ಟರಲ್ಲಿ ಉಳಿದ ಹಿಕ್ಕೆ, ಕಡ್ಡಿ, ಸೊಪ್ಪೆಲ್ಲ ಹೊಲಕ್ಕೆ ಗೊಬ್ಬರವಾಗಿ ಹಿಂದಿರುಗುತ್ತದೆ. ಅದಕ್ಕೆ ಬೇಕಾದದ್ದು ಬಂಡವಾಳಕ್ಕಿಂತ ಹೆಚ್ಚಾಗಿ ಎಚ್ಚರ. ಪರಿಸರಕ್ಕೆ ಹೊಂದುವ ರೇಷ್ಮೆ ಕೃಷಿಗಾಗಿ 1996ರಲ್ಲಿ ಸ್ವಿಟ್ಸರ್ಲೆಂಡಿನ ರೋಲೆಕ್ಸ್ ಸಂಸ್ಥೆಯ ಪ್ರಶಸ್ತಿ ಅವರಿಗೆ ಬಂತು. ಬಿಟ್ಟರೂ ನಡೆಯುವ ಖರ್ಚು ಯಾವುದು ಎಂಬ ಪ್ರಶ್ನೆಯನ್ನು ಅವರು ಕಲಿತದ್ದು ಜಾವಗಲ್ಲಿನಲ್ಲಿ. ಮುಂದೆ ವಿಮಾನಕ್ಕೂ ಅದನ್ನೇ ಕೇಳಿದರು.

ಇದನ್ನು ಬರೆಯುವಾಗ ಇನ್ನೊಂದು ಮಾತು ಮನಸ್ಸಿನಿಂದ ಹೋಗುವುದಿಲ್ಲ. ಅಂಥ ಬದಲಿ ಜಮೀನನ್ನು ಪಡೆದವರು ಅವರೊಬ್ಬರೇ ಅಲ್ಲ. ಆದರೆ ಉಳಿದವರ ಬೆನ್ನಿಗೆ ಬಿಜಾಪುರದ ಶಾಲೆ ಇರಲಿಲ್ಲ. ಬ್ಯಾಂಕಿನವರೊಡನೆ ಕುಳಿತು ಇಂಗ್ಲಿಷಿನಲ್ಲಿ ವಾದಿಸುವ ಧೈರ್ಯವಿರಲಿಲ್ಲ. ಹೆಸರಿನ ಹಿಂದೆ ಕ್ಯಾಪ್ಟನ್ ಎಂಬ ಪದವಿರಲಿಲ್ಲ. ಎರಡು ಬೆಳೆ ತಪ್ಪಿದರೆ ಮೂರನೆಯದಕ್ಕೆ ಕಾಯುವ ಶಕ್ತಿ ಎಷ್ಟು ಮಂದಿಗೆ ಇದ್ದೀತು? ಗೋಪಿನಾಥರ ಸಾಹಸವನ್ನು ಇದು ಕಿರಿದು ಮಾಡುವುದಿಲ್ಲ. ಅದೇ ಸಾಹಸ ಇತರರಿಗೆ ಏಕೆ ಸಾಧ್ಯವಾಗಲಿಲ್ಲ ಎಂಬುದನ್ನು ಮಾತ್ರ ತಿಳಿಸುತ್ತದೆ.

ಹಾಸನದಲ್ಲಿ ಮೋಟಾರು ಬೈಸಿಕಲ್ಲುಗಳ ಮಾರಾಟ, ಒಂದು ಹೋಟೆಲು. 1994ರಲ್ಲಿ ಗಂಡಸಿ ಕ್ಷೇತ್ರದಿಂದ ಭಾರತೀಯ ಜನತಾ ಪಕ್ಷದ ಅಭ್ಯರ್ಥಿಯಾಗಿ ವಿಧಾನಸಭೆಗೆ ನಿಂತು ಸೋಲು. ಇವನ್ನು ವಿಸ್ತರಿಸಬೇಕಾಗಿಲ್ಲ. ಆ 1994ನೆಯ ಇಸವಿಯಲ್ಲಿಯೇ ಇನ್ನೊಂದು ಘಟನೆ ನಡೆಯಿತು. 1953ರಿಂದ ವಿಮಾನಯಾನವನ್ನು ಸರ್ಕಾರದ ಕೈಯಲ್ಲಿಟ್ಟಿದ್ದ ಕಾನೂನು ರದ್ದಾಯಿತು. ಬಾಗಿಲು ತೆರೆದಾಗ ಒಳಹೊಕ್ಕವರಲ್ಲಿ ಹೆಚ್ಚಿನವರು ಸಿರಿವಂತರು. ಗೋಪಿನಾಥರು ಸೇನೆಯ ಗೆಳೆಯ ಕ್ಯಾಪ್ಟನ್ ಕೆ. ಜೆ. ಸ್ಯಾಮ್ಯುಯಲ್ಲರೊಂದಿಗೆ ಬಾಡಿಗೆ ಹೆಲಿಕಾಪ್ಟರುಗಳ ಕಂಪನಿ ತೆರೆದರು. ರಾಜಕಾರಣಿಗಳನ್ನೂ ಉದ್ಯಮಿಗಳನ್ನೂ ಹೊತ್ತು ಹಳ್ಳಿಗಳ ಮೇಲೆ ಹಾರುವಾಗ ಮನೆಮನೆಯ ಮಾಡಿನ ಮೇಲೆ ಟೆಲಿವಿಷನ್ನಿನ ಕಂಬಿಗಳು ಕಾಣುತ್ತಿದ್ದುವಂತೆ. ಕೊಳ್ಳುವ ಶಕ್ತಿ ಇಲ್ಲಿಯವರೆಗೆ ಬಂದಿದೆಯೆಂದರೆ ಇವರೇಕೆ ಹಾರಬಾರದು ಎಂಬುದು ಅವರ ಯೋಚನೆ. ಅಮೆರಿಕದ ಮರಳುಗಾಡಿನ ಊರು ಫೀನಿಕ್ಸಿನ ಒಂದೇ ನಿಲ್ದಾಣದಲ್ಲಿ ದಿನಕ್ಕೆ ಹಾರುವ ವಿಮಾನಗಳು ಆಗಿನ ಇಡೀ ಭಾರತದ ವಿಮಾನಗಳಿಗಿಂತ ಹೆಚ್ಚೆಂಬುದನ್ನು ಕಂಡು ಬೆರಗಾದೆನೆಂದೂ ಅವರು ಹೇಳುತ್ತಾರೆ.

2003ರ ಆಗಸ್ಟಿನಲ್ಲಿ ಏರ್ ಡೆಕ್ಕನ್ನಿನ ಮೊದಲ ವಿಮಾನ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿತು. ದಿಲ್ಲಿಯಲ್ಲ, ಬೊಂಬಾಯಿಯಲ್ಲ, ಹುಬ್ಬಳ್ಳಿ. ಎರಡು ಪಂಕದ ಪುಟ್ಟ ಎ.ಟಿ.ಆರ್. ವಿಮಾನ, ಐವತ್ತರೊಳಗಿನ ಆಸನಗಳು. ಊಟವಿಲ್ಲ, ನೀರಿಗೂ ಕಾಸು. ಅಗ್ಗದ ಪಯಣ ಹೊಸ ಕಲ್ಪನೆಯೇನಲ್ಲ; ಟೆಕ್ಸಾಸಿನ ಸೌತ್‌ವೆಸ್ಟ್ ಕಂಪನಿ 1971ರಿಂದಲೇ ಅದನ್ನು ಮಾಡಿ ತೋರಿಸಿತ್ತು. ಆರ್. ಕೆ. ಲಕ್ಷ್ಮಣರ ಚೌಕಳಿ ಕೋಟಿನ ಸಾಮಾನ್ಯ ಮನುಷ್ಯನನ್ನು ತಮ್ಮ ಗುರುತಾಗಿ ಗೋಪಿನಾಥರು ಆರಿಸಿಕೊಂಡದ್ದು ಸಮಂಜಸವಾಗಿತ್ತು. ಮರುತಿಂಗಳೇ, ಹೈದರಾಬಾದಿನಿಂದ ವಿಜಯವಾಡಕ್ಕೆ ಉದ್ಘಾಟನೆಯ ವಿಮಾನ ಹೊರಡುವಷ್ಟರಲ್ಲಿ ಎಂಜಿನ್ನಿಗೆ ಬೆಂಕಿ ತಗುಲಿತು. ಒಳಗಿದ್ದವರಲ್ಲಿ ಗಣ್ಯ ರಾಜಕಾರಣಿಗಳೂ ಪತ್ರಕರ್ತರೂ ಸೇರಿದ್ದರು! ಯಾರಿಗೂ ಪ್ರಾಣಾಪಾಯವಾಗಲಿಲ್ಲ, ಸಂಸ್ಥೆಯೂ ಉಳಿಯಿತು. ಮುಂದಿನ ನಾಲ್ಕು ವರ್ಷಗಳಲ್ಲಿ ಅದು ದೇಶದ ಅರುವತ್ತಕ್ಕೂ ಹೆಚ್ಚು ನಿಲ್ದಾಣಗಳನ್ನು ಮುಟ್ಟಿತು. ಒಂದು ರೂಪಾಯಿಗೂ ಟಿಕೇಟು ಮಾರಿತು. ಆ ಟಿಕೇಟುಗಳು ಕೆಲವೇ ಎಂಬುದು ನಿಜ. ಬೇಗ ಕೊಂಡವನಿಗೆ ಅಗ್ಗ, ತಡಮಾಡಿದವನಿಗೆ ತುಟ್ಟಿ ಎಂಬುದು ಅದರ ಹಿಂದಿನ ಲೆಕ್ಕ. ಆದರೂ ಆ ದಿನಗಳಲ್ಲಿ ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದಲ್ಲಿ ಬುತ್ತಿಗಂಟು ಹಿಡಿದು, ಮೊದಲ ಸಲದ ಹೆದರಿಕೆಯನ್ನು ಮುಖದಲ್ಲಿಟ್ಟುಕೊಂಡು ನಿಂತಿದ್ದ ಹಿರಿಯರನ್ನು ಕಂಡವರು ಮರೆಯಲಾರರು.

ಲೆಕ್ಕದ ಇನ್ನೊಂದು ಪುಟವೂ ಉಂಟು. ವಿಮಾನಗಳು ಹೆಚ್ಚಿದಂತೆ ನಷ್ಟವೂ ಹೆಚ್ಚಿತು. ಹೊರಡುವ ಹೊತ್ತು ತಪ್ಪುವುದು, ವಿಮಾನ ರದ್ದಾಗುವುದು, ಸಾಮಾನು ಹಿಂದುಳಿಯುವುದು ಮಾಮೂಲಾಗಿ, ಹರಸಿದ ಪ್ರಯಾಣಿಕರೇ ಶಪಿಸತೊಡಗಿದರು. 2006ರಲ್ಲಿ ಷೇರುಗಳನ್ನು ಮಾರುಕಟ್ಟೆಗೆ ತಂದಾಗ ಕೊಳ್ಳುವವರು ಸಾಲದೆ ಬೆಲೆ ಇಳಿಸಬೇಕಾಯಿತು, ಅವಧಿ ಬೆಳೆಸಬೇಕಾಯಿತು. 2007ರಲ್ಲಿ ವಿಜಯ್ ಮಲ್ಯರ ಸಮೂಹ ನೂರಕ್ಕೆ ಇಪ್ಪತ್ತಾರರಷ್ಟು ಪಾಲನ್ನು ಸುಮಾರು 550 ಕೋಟಿ ರೂಪಾಯಿಗೆ ಕೊಂಡಿತು. ಮರುವರ್ಷ ಏರ್ ಡೆಕ್ಕನ್ ಎಂಬ ಹೆಸರು ಹೋಗಿ ಕಿಂಗ್‌ಫಿಷರ್ ರೆಡ್ ಎಂದಾಯಿತು. ಅಗ್ಗದ ಸೇವೆಯನ್ನು ನಿಲ್ಲಿಸುವುದಾಗಿ ಹೊಸ ಒಡೆಯರು 2011ರಲ್ಲಿ ಸಾರಿದರು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರಿನ ಹಾರಾಟವೇ ನಿಂತಿತು. ಗೋಪಿನಾಥರು 2009ರಲ್ಲಿ ಆರಂಭಿಸಿದ ಸರಕು ಸಾಗಣೆಯ ವಿಮಾನ ಸಂಸ್ಥೆಯೂ ಬಾಳಲಿಲ್ಲ.

ಹಾಗಾದರೆ ಇದನ್ನು ಲೋಕೋಪಕಾರದ ಉದ್ಯಮವೆನ್ನಬಹುದೆ? ಟಿಕೇಟು ಅಗ್ಗವಾದಾಗ ಉಳಿದ ವೆಚ್ಚವನ್ನು ತೆತ್ತವರು ಷೇರುದಾರರೂ ಸಾಲ ಕೊಟ್ಟವರೂ ಅಲ್ಲವೆ ಎಂದು ಲೆಕ್ಕಶಾಸ್ತ್ರದ ಮಿತ್ರರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಧರ್ಮಛತ್ರ ಕಟ್ಟಿಸಿದ ಹಿಂದಿನ ವರ್ತಕರು ಮೊದಲು ಗಳಿಸಿ ಆಮೇಲೆ ಕೊಟ್ಟರು. ಇವರು ವ್ಯಾಪಾರದೊಳಗೇ ಕೊಡಲು ಹೊರಟರು. ಸಂಸ್ಥೆ ಉಳಿಯಲಿಲ್ಲ, ಪದ್ಧತಿ ಉಳಿಯಿತು. 2005 ಮತ್ತು 2006ರಲ್ಲಿ ಹುಟ್ಟಿದ ಸ್ಪೈಸ್‌ಜೆಟ್, ಇಂಡಿಗೊಗಳು ಅದೇ ಹಾದಿಯಲ್ಲಿ ನಡೆದವು. ಬಾಡಿಗೆಯನ್ನು ಮತ್ತೆ ಹಳೆಯ ಎತ್ತರಕ್ಕೆ ಒಯ್ಯುವುದು ಯಾರಿಂದಲೂ ಆಗಲಿಲ್ಲ. ನನ್ನ ಮಟ್ಟಿಗೆ ತೂಕ ಅವರ ಕಡೆಗೇ ಬೀಳುತ್ತದೆ. ಆದರೆ ತಕ್ಕಡಿಯ ಇನ್ನೊಂದು ತಟ್ಟೆ ಬರಿದೆಂದು ಹೇಳಲಾರೆ.

ಚಿಕ್ಕ ಊರುಗಳಿಗೆ ವಿಮಾನ ಹಾರಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಡಿ 2017ರ ಕೊನೆಗೆ ಅವರು ಏರ್ ಡೆಕ್ಕನ್ ಹೆಸರನ್ನು ಮತ್ತೆ ಎತ್ತಿದರು. 2020ರ ಸಾಂಕ್ರಾಮಿಕದಲ್ಲಿ ಅದೂ ನಿಂತಿತು. ಹಾಸನದ ಬಳಿ ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣಕ್ಕೆಂದು ಅಡಿಗಲ್ಲು ಬಿದ್ದದ್ದು 2007ರಲ್ಲಿ, ಅಂದರೆ ಮೊದಲ ಏರ್ ಡೆಕ್ಕನ್ ಕೈಬದಲಾಯಿಸಿದ ವರ್ಷದಲ್ಲಿಯೇ. ಆ ಸಂಸ್ಥೆ ಹಾರಾಡಿದ ಅಷ್ಟೂ ವರ್ಷ ಗೊರೂರಿನವರು ಅದರ ವಿಮಾನ ಹತ್ತಬೇಕಾದರೆ ಹಾಸನದಲ್ಲಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಬೇಕಾಗಿತ್ತು.