ಚಿಕ್ಕ ಲೇಥು ಮತ್ತು ಅದರ ಟೂಲಿನ ಅಳತೆ: ಒಂದು ಚಾರಿತ್ರಿಕ ವಿವೇಚನೆ

ಯಂತ್ರೋಪಕರಣಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಯಂತ್ರಗಳ ಚರಿತ್ರೆಯನ್ನೇ ಬರೆದಿರುವರು. ಯಂತ್ರದ ತುದಿಯಲ್ಲಿ ನಿಂತು ಲೋಹವನ್ನು ಕತ್ತರಿಸುವ ಟೂಲಿನ ಕಡೆಗೂ, ಅದನ್ನು ಹಿಡಿದಿರುವ ಹೋಲ್ಡರಿನ ಕಡೆಗೂ ಅವರ ದೃಷ್ಟಿ ಹೋದುದು ಕಡಮೆ. ಒಂದು ಲೇಥಿಗೆ ಎಷ್ಟು ಗಾತ್ರದ ಟೂಲು ಸಲ್ಲುತ್ತದೆ ಎಂಬ ಪ್ರಶ್ನೆಯನ್ನು ಕಾರ್ಖಾನೆಯ ಕೆಲಸಗಾರನಿಗೆ ಬಿಟ್ಟುಬಿಡುವುದು ವಾಡಿಕೆಯಾಗಿದೆ. ಆದರೆ ಈ ಅಳತೆಗೂ ಒಂದು ಚರಿತ್ರೆಯುಂಟು. ಮೊದಲು ಉಕ್ಕಿನ ಬೆಲೆ, ಅನಂತರ ದೊಡ್ಡ ಪ್ರಮಾಣದ ಉತ್ಪಾದನೆ, ಇವೆರಡೂ ಟೂಲಿನ ಗಾತ್ರವನ್ನು ನಿರ್ಣಯಿಸಿದುವು. ಇವುಗಳಲ್ಲಿ ಯಾವುದೂ ಚಿಕ್ಕ ಲೇಥನ್ನು ಉದ್ದೇಶಿಸಿ ಹುಟ್ಟಿದುದಲ್ಲ. ಆದುದರಿಂದಲೇ ಚಿಕ್ಕ ಲೇಥಿನಲ್ಲಿ ಕೆಲಸಮಾಡುವವರು ಇಂದಿಗೂ ಪಟ್ಟಿಯಲ್ಲಿ ಅಚ್ಚಾದ ಸಂಖ್ಯೆಗಳನ್ನು ನಂಬಿ ತೊಡಕಿಗೆ ಸಿಕ್ಕಿಕೊಳ್ಳುತ್ತಾರೆ. ಇದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಟೂಲನ್ನು ಕೈಯಲ್ಲಿ ಹಿಡಿದು ಕೆಲಸಮಾಡುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಕುಶಲಕರ್ಮಿಯು ಉಳಿಯನ್ನು ಒಂದು ಆಸರೆಯ ಮೇಲಿಟ್ಟು, ತಿರುಗುತ್ತಿರುವ ವಸ್ತುವಿಗೆ ತಾಗಿಸುತ್ತಿದ್ದನು. ಅಲಗು ಎಷ್ಟು ಎತ್ತರದಲ್ಲಿರಬೇಕೆಂಬುದನ್ನು ಅವನ ಕಣ್ಣೂ ಕೈಯೂ ಕ್ಷಣಕ್ಷಣಕ್ಕೆ ತಿದ್ದಿಕೊಳ್ಳುತ್ತಿದ್ದುವು. ೧೮ನೆಯ ಶತಮಾನದ ಆದಿಭಾಗದಲ್ಲಿ ರಷ್ಯದ ಆಂದ್ರೇ ನಾರ್ತೋವನೂ, ಅದೇ ಶತಮಾನದ ಮಧ್ಯಭಾಗದಲ್ಲಿ ಫ್ರಾನ್ಸಿನ ವೋಕಾನ್ಸನನೂ ಟೂಲನ್ನು ಯಂತ್ರಕ್ಕೇ ಬಿಗಿದು ನಡೆಸುವ ಲೇಥುಗಳನ್ನು ರಚಿಸಿದರು. ಇಂಗ್ಲೆಂಡಿನ ಹೆನ್ರಿ ಮಾಡ್ಸ್‌ಲೇ (೧೭೭೧–೧೮೩೧) ೧೮೦೦ರ ಸುಮಾರಿಗೆ ತಿರುಪು ಕೊರೆಯುವ ತನ್ನ ಲೇಥಿನಲ್ಲಿ ಈ ಜಾರುಪೀಠವನ್ನು ನೆಲೆಗೊಳಿಸಿದನು. ಇದರಿಂದ ನಿಷ್ಕೃಷ್ಟತೆ ಕೈಯಿಂದ ಯಂತ್ರಕ್ಕೆ ದಾಟಿತೆಂದು ಚರಿತ್ರಕಾರರು ಹೇಳುವುದು ಸರಿಯೇ. ಆದರೆ ಇದರೊಡನೆ ಇನ್ನೊಂದು ಬದಲಾವಣೆಯೂ ಆಯಿತು. ಟೂಲು ಕುಳಿತುಕೊಳ್ಳುವ ಪೀಠಕ್ಕೂ ಲೇಥಿನ ಕೇಂದ್ರರೇಖೆಗೂ ನಡುವಣ ದೂರವು ಅಂದಿನಿಂದ ಕದಲದ ಒಂದು ಅಳತೆಯಾಯಿತು. ಕೈ ತಿದ್ದುತ್ತಿದ್ದುದನ್ನು ಇನ್ನು ಮುಂದೆ ಟೂಲಿನ ಗಾತ್ರವೇ ಪೂರೈಸಬೇಕಾಯಿತು.

ಈ ಅಳತೆ ತಪ್ಪಿದರೆ ಆಗುವ ಹಾನಿ ಎಷ್ಟೆಂಬುದನ್ನು ಸುಲಭವಾದ ಲೆಕ್ಕದಿಂದ ತಿಳಿಯಬಹುದು. ಅಲಗಿನ ಮೊನೆಯು ಕೇಂದ್ರಕ್ಕಿಂತ ೦.೫ ಮಿಲಿಮೀಟರು ಮೇಲಿದೆಯೆಂದು ಭಾವಿಸೋಣ. ೧೦೦ ಮಿ.ಮೀ. ವ್ಯಾಸದ ಕಂಬಿಯನ್ನು ಕಡೆಯುವಾಗ ಇದರಿಂದ ಉಂಟಾಗುವ ಕೋನದ ವ್ಯತ್ಯಾಸ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಅದನ್ನು ಯಾರೂ ಗಮನಿಸಲಾರರು. ೧೦ ಮಿ.ಮೀ. ವ್ಯಾಸದ ಕಂಬಿಯಲ್ಲಾದರೆ ಅದೇ ದೋಷವು ೫.೭ ಡಿಗ್ರಿಗಳಷ್ಟಾಗುತ್ತದೆ. ಅಲಗಿನ ಕೆಳಗಣ ಮುಖವು ವಸ್ತುವಿಗೆ ಉಜ್ಜದಂತೆ ಇರಿಸುವ ತೆರವು ಅನೇಕ ಟೂಲುಗಳಲ್ಲಿ ೭ ಡಿಗ್ರಿ ಮಾತ್ರ. ಹೀಗಾಗಿ ಆ ತೆರವೆಲ್ಲ ಬಹುತೇಕ ಕರಗಿಹೋಗಿ, ಟೂಲು ಕತ್ತರಿಸುವುದನ್ನು ಬಿಟ್ಟು ಉಜ್ಜತೊಡಗುತ್ತದೆ. ಚಿಕ್ಕ ಲೇಥಿನಲ್ಲಿ ಕಡೆಯುವುದು ಸಾಮಾನ್ಯವಾಗಿ ಚಿಕ್ಕ ವಸ್ತುಗಳನ್ನೇ. ಆದುದರಿಂದ ದೊಡ್ಡ ಲೇಥು ಕ್ಷಮಿಸುವ ತಪ್ಪನ್ನು ಚಿಕ್ಕ ಲೇಥು ಕ್ಷಮಿಸಲಾರದು.

ಇದಕ್ಕೆ ವಿರುದ್ಧವಾಗಿ ಎಳೆಯುವ ಇನ್ನೊಂದು ನಿಯಮವೂ ಇದೆ. ಟೂಲು ತೆಳುವಾದಷ್ಟೂ ಹೆಚ್ಚು ಬಾಗುತ್ತದೆ. ಚೌಕ ಕಾಂಡದ ಗಟ್ಟಿತನವು ಅದರ ಪಾರ್ಶ್ವದ ನಾಲ್ಕನೆಯ ಘಾತದಂತೆ ಹೆಚ್ಚುತ್ತದೆ. ೧೦ ಮಿ.ಮೀ. ಕಾಂಡಕ್ಕಿಂತ ೧೨ ಮಿ.ಮೀ. ಕಾಂಡವು ಎರಡರಷ್ಟಕ್ಕಿಂತ ತುಸು ಹೆಚ್ಚು ಗಟ್ಟಿ. ಪೀಠದಿಂದ ಹೊರಚಾಚಿದ ಉದ್ದವಾದರೋ ಮೂರನೆಯ ಘಾತದಂತೆ ಬಾಧಿಸುತ್ತದೆ, ೨೦ ಮಿ.ಮೀ. ಹೊರಚಾಚನ್ನು ೩೦ಕ್ಕೆ ಏರಿಸಿದರೆ ಬಾಗು ಮೂರರಷ್ಟನ್ನೂ ಮೀರುತ್ತದೆ. ಸ್ಥಳ ಕೊಟ್ಟಷ್ಟೂ ದಪ್ಪನಾದ ಟೂಲು, ಆದರೆ ಕೇಂದ್ರವನ್ನು ಮೀರದ ಅಲಗು, ಇವೆರಡರ ನಡುವಣ ಒಪ್ಪಂದವೇ ಸರಿಯಾದ ಅಳತೆ.

ಈ ಒಪ್ಪಂದವನ್ನು ಮೊದಲು ಕದಡಿದುದು ಉಕ್ಕಿನ ಬೆಲೆ. ೧೯ನೆಯ ಶತಮಾನದಲ್ಲಿ ಟೂಲೆಂದರೆ ಕುಲುಮೆಯಲ್ಲಿ ಕಾಯಿಸಿ ಬಡಿದ ಒಂದೇ ಉಕ್ಕಿನ ಕಂಬಿ. ಅಮೆರಿಕದ ಫ್ರೆಡರಿಕ್ ಟೇಲರನು ೧೮೮೦ರಲ್ಲಿ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿ ಆರಂಭಿಸಿದ ಪ್ರಯೋಗಗಳು ೨೬ ವರ್ಷ ನಡೆದುವು. ಅವುಗಳ ಫಲವನ್ನು ಅವನು ೧೯೦೬ರಲ್ಲಿ ವಿಸ್ತಾರವಾದ ಪ್ರಬಂಧವಾಗಿ ಪ್ರಕಟಿಸಿದನು. ಈ ನಡುವೆ ಅವನೂ ಮಾನ್ಸೆಲ್ ವೈಟನೂ ಬೆತ್ಲೆಹೆಮ್ ಕಾರ್ಖಾನೆಯಲ್ಲಿ ಹೈಸ್ಪೀಡ್ ಉಕ್ಕನ್ನು ಸಿದ್ಧಪಡಿಸಿದರು. ೧೯೦೦ರ ಪ್ಯಾರಿಸ್ ಪ್ರದರ್ಶನದಲ್ಲಿ, ಕೆಂಪಗೆ ಕಾದರೂ ಹದ ಕೆಡದೆ ಕತ್ತರಿಸುತ್ತಿದ್ದ ಆ ಟೂಲು ಯೂರೋಪಿನ ತಜ್ಞರನ್ನು ಬೆರಗುಗೊಳಿಸಿತು. ಆದರೆ ಟಂಗ್‌ಸ್ಟನ್ ಬೆರೆತ ಈ ಉಕ್ಕು ದುಬಾರಿಯಾಗಿದ್ದಿತು. ಇಡೀ ಕಂಬಿಯನ್ನು ಅದರಿಂದ ಮಾಡುವುದು ಅಪವ್ಯಯವೆನಿಸಿತು. ಕಾಲಿಂಚು ಅಥವಾ ಅರ್ಧ ಇಂಚಿನ ಚೌಕದ ಚಿಕ್ಕ ತುಂಡನ್ನು ಸಾಧಾರಣ ಉಕ್ಕಿನ ಹೋಲ್ಡರಿನಲ್ಲಿ ಸಿಕ್ಕಿಸುವ ಪದ್ಧತಿಗೆ ಇದರಿಂದ ಹೆಚ್ಚಿನ ಪ್ರಚಾರ ದೊರೆಯಿತು. ಷಿಕಾಗೋ ನಗರದ ಆರ್ಮ್‌ಸ್ಟ್ರಾಂಗ್ ಸಂಸ್ಥೆಯ ಹೋಲ್ಡರುಗಳು ಇವುಗಳಲ್ಲಿ ಬಹು ಪ್ರಸಿದ್ಧವಾದುವು.

ಮಿತವ್ಯಯದ ದೃಷ್ಟಿಯಿಂದ ಇದು ಶ್ಲಾಘ್ಯವಾದ ಉಪಾಯ. ಆದರೆ ಚಿಕ್ಕ ಲೇಥು ಇದಕ್ಕೆ ಬೇರೊಂದು ಬೆಲೆ ತೆತ್ತಿತು. ತುಂಡಿನ ಸುತ್ತಲೂ ಹೋಲ್ಡರಿನ ಗೋಡೆ ಬಂದುದರಿಂದ ಒಟ್ಟು ಎತ್ತರ ಹೆಚ್ಚಿತು. ಅಲಗು ಪೀಠದಿಂದ ಇನ್ನಷ್ಟು ಮುಂದೆ ಚಾಚಿತು. ಅಂದಿನ ಟೂಲ್ ಪೋಸ್ಟಿನಲ್ಲಿ ಹೋಲ್ಡರನ್ನು ತೊಟ್ಟಿಲಿನಂತೆ ಓಲಾಡಿಸಿ ಎತ್ತರವನ್ನು ಸರಿಪಡಿಸುತ್ತಿದ್ದರು. ಹಾಗೆ ಓಲಿಸಿದಾಗಲೆಲ್ಲ ಅಲಗಿನ ಕೋನಗಳೂ ಬದಲಾಗುತ್ತಿದ್ದುವು. ಚಿಕ್ಕ ತುಂಡನ್ನೇ ನೇರವಾಗಿ ಪೀಠದ ಮೇಲಿಟ್ಟು, ಕೆಳಗೆ ತಗಡು ಕೊಟ್ಟು ಬಿಗಿಯುವುದು ಚಿಕ್ಕ ಲೇಥಿಗೆ ಹೆಚ್ಚು ಹಿತವಾದ ಮಾರ್ಗ. ದೊಡ್ಡ ಲೇಥಿಗೆ ಉಳಿತಾಯವಾದುದೇ ಚಿಕ್ಕದಕ್ಕೆ ಹೊರೆಯಾದುದನ್ನು ಇಲ್ಲಿ ಕಾಣುತ್ತೇವೆ.

ಎರಡನೆಯ ಘಟ್ಟ ಕಾರ್ಬೈಡಿನದು. ಜರ್ಮನಿಯ ಕ್ರುಪ್ ಸಂಸ್ಥೆ ೧೯೨೦ರ ದಶಕದ ಉತ್ತರಾರ್ಧದಲ್ಲಿ ‘ವಿಡಿಯಾ’ ಎಂಬ ಹೆಸರಿನಿಂದ ಇದನ್ನು ಮಾರುಕಟ್ಟೆಗೆ ತಂದಿತು. ಎರಡನೆಯ ಮಹಾಯುದ್ಧದ ತರುವಾಯ, ಸವೆದಾಗ ಸಾಣೆ ಹಿಡಿಯದೆ ಮಗ್ಗುಲು ತಿರುಗಿಸಿ ಬಳಸುವ ಕಾರ್ಬೈಡ್ ಬಿಲ್ಲೆಗಳು, ಅಂದರೆ ಇನ್ಸರ್ಟುಗಳು, ರೂಢಿಗೆ ಬಂದುವು. ಇವುಗಳ ಹೋಲ್ಡರಿಗೆ ಅಂತರರಾಷ್ಟ್ರೀಯ ಮಾನಕಗಳೂ ಏರ್ಪಟ್ಟುವು. ಕಾಂಡದ ಅಳತೆಗಳು ೮, ೧೦, ೧೨, ೧೬, ೨೦, ೨೫, ೩೨ ಮಿ.ಮೀ. ಎಂಬ ಕ್ರಮದಲ್ಲಿ ಏರುತ್ತವೆ. ಪ್ರತಿಯೊಂದೂ ಹಿಂದಿನದಕ್ಕಿಂತ ಸುಮಾರು ಒಂದೂಕಾಲು ಪಟ್ಟು. ಈ ಶ್ರೇಣಿಯ ಮೂಲಪುರುಷ ಫ್ರೆಂಚ್ ಸೈನ್ಯದ ಷಾರ್ಲ್ ರೆನಾರ್. ೧೮೭೦ರ ದಶಕದಲ್ಲಿ ಅವನು ಬೆಲೂನಿನ ಹಗ್ಗಗಳ ಲೆಕ್ಕವಿಲ್ಲದ ಗಾತ್ರಗಳನ್ನು ಕಡಮೆಮಾಡಲು ಇಂತಹ ಸಂಖ್ಯೆಗಳನ್ನು ಯೋಜಿಸಿದನು. ಬಿಲ್ಲೆಗಳಾದರೋ ಬೇರೊಂದು ವಂಶದವು. ‘ಸಿ.ಸಿ.ಎಂ.ಟಿ. ೦೬’ ಎಂಬ ಬಿಲ್ಲೆಯ ಅಂಕಿ ಮಿಲಿಮೀಟರಿನದು. ಆದರೆ ಅದರೊಳಗೆ ಅಡಗುವ ವೃತ್ತದ ವ್ಯಾಸ ೬.೩೫ ಮಿ.ಮೀ., ಎಂದರೆ ನಿಖರವಾಗಿ ಕಾಲಿಂಚು. ‘೦೯’ರ ವೃತ್ತವು ಇಂಚಿನ ಎಂಟನೆಯ ಮೂರು ಭಾಗ. ಮೆಟ್ರಿಕ್ ಹೆಸರಿನೊಳಗೆ ಇಂಚು ಹೀಗೆ ಇನ್ನೂ ಬದುಕಿರುವುದು ಚರಿತ್ರೆಯ ವಿದ್ಯಾರ್ಥಿಗೆ ಸ್ವಾರಸ್ಯದ ಸಂಗತಿ.

ಈ ಮಾನಕದಲ್ಲಿ ಚಿಕ್ಕ ಲೇಥಿಗೆ ಉಪಕಾರವಾಗುವ ಒಂದು ಗುಣವಿದೆ. ಹೊರಮೈ ಕಡೆಯುವ ಚೌಕ ಕಾಂಡದ ಸಾಮಾನ್ಯ ಹೋಲ್ಡರುಗಳಲ್ಲಿ ಅಲಗಿನ ಮೊನೆಯು ಕಾಂಡದ ಮೇಲ್ಮೈಯ ಎತ್ತರದಲ್ಲಿಯೇ ಇರುತ್ತದೆ. ಆದುದರಿಂದ ಪೀಠದಿಂದ ಕೇಂದ್ರಕ್ಕೆ ೧೧ ಮಿ.ಮೀ. ಇದ್ದರೆ ೧೦ರ ಹೋಲ್ಡರನ್ನು ಆರಿಸಿ ಒಂದು ಮಿ.ಮೀ. ತಗಡು ಕೊಡಬೇಕು. ೧೨ನ್ನು ಆರಿಸಿದರೆ ಅಲಗು ಕೇಂದ್ರಕ್ಕಿಂತ ಒಂದು ಮಿ.ಮೀ. ಮೇಲೆ ನಿಲ್ಲುತ್ತದೆ; ಏರಿಸುವುದಕ್ಕೆ ತಗಡುಂಟು, ಇಳಿಸುವುದಕ್ಕೆ ಉಪಾಯವಿಲ್ಲ. ಎತ್ತರವನ್ನು ತಿರುಪಿನಿಂದ ಹೊಂದಿಸಬಲ್ಲ ಶೀಘ್ರಬದಲಿಯ ಟೂಲ್ ಪೋಸ್ಟುಗಳು ೨೦ನೆಯ ಶತಮಾನದ ಮಧ್ಯದಿಂದ ಹರಡಿದರೂ ಈ ಕಟ್ಟು ಸಡಿಲವಾಗಲಿಲ್ಲ. ಅವುಗಳ ಹೋಲ್ಡರಿಗೂ ಒಂದು ತಳವಿದೆ; ಆ ತಳದ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಿಲ್ಲೆಯ ಮೂಲೆಯ ತ್ರಿಜ್ಯವೂ ಹಾಗೆಯೇ: ೦.೮ ಮಿ.ಮೀ. ಮೂಲೆಯು ವಸ್ತುವನ್ನು ಪಕ್ಕಕ್ಕೆ ಹೆಚ್ಚು ಒತ್ತಿ ಚಿಕ್ಕ ಲೇಥನ್ನು ನಡುಗಿಸುತ್ತದೆ, ಅದಕ್ಕೆ ೦.೨ ಅಥವಾ ೦.೪ ಒಪ್ಪುತ್ತದೆ.

ಇನ್ನೊಂದು ತೊಡಕು ಹೆಸರಿನದು. ಬ್ರಿಟಿಷರು ಲೇಥನ್ನು ಕೇಂದ್ರದ ಎತ್ತರದಿಂದ ಹೆಸರಿಸುತ್ತ ಬಂದರು. ಅಮೆರಿಕನ್ನರು ಅದರಲ್ಲಿ ತಿರುಗಬಲ್ಲ ವಸ್ತುವಿನ ವ್ಯಾಸದಿಂದ. ೧೯೪೬ರಲ್ಲಿ ಬಂದ ಇಂಗ್ಲೆಂಡಿನ ಮೈಫರ್ಡ್ ಎಂ.ಎಲ್. ೭ ಲೇಥು ಒಬ್ಬರಿಗೆ ಮೂರೂವರೆ ಇಂಚಿನದು, ಇನ್ನೊಬ್ಬರಿಗೆ ಏಳಿಂಚಿನದು. ನಮ್ಮ ನಾಡಿನಲ್ಲಿಯೂ ಈ ಬೆರಕೆ ಅಪರಿಚಿತವಲ್ಲ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ೧೯೪೧ರಲ್ಲಿಯೂ, ಬೆಂಗಳೂರಿನಲ್ಲಿ ಹಿಂದುಸ್ತಾನ್ ಮೆಷಿನ್ ಟೂಲ್ಸ್ ೧೯೫೩ರಲ್ಲಿಯೂ ಸ್ಥಾಪಿತವಾದುವು. ಮೆಟ್ರಿಕ್ ಅಳತೆಗಳ ಕಾಯಿದೆ ೧೯೫೬ರದು. ಇಂಚಿನ ಕಾಲದ ಲೇಥಿನ ಮೇಲೆ ಮಿಲಿಮೀಟರಿನ ಕಾಲದ ಹೋಲ್ಡರನ್ನು ಕೂರಿಸುವ ಪ್ರಸಂಗ ಆದುದರಿಂದ ಸಹಜವಾಗಿಯೇ ಒದಗುತ್ತದೆ.

ಹೀಗೆ ನೋಡಿದಾಗ ಲೇಥಿನ ಹೆಸರಾಗಲಿ ಅದು ತಿರುಗಿಸುವ ವಸ್ತುವಿನ ವ್ಯಾಸವಾಗಲಿ ಟೂಲಿನ ಗಾತ್ರವನ್ನು ನೇರವಾಗಿ ತಿಳಿಸಲಾರದೆಂಬುದು ಸ್ಪಷ್ಟ. ತಿಳಿಸಬಲ್ಲುದು ಪೀಠಕ್ಕೂ ಕೇಂದ್ರಕ್ಕೂ ನಡುವಣ ದೂರವೊಂದೇ. ಜಾರುಪೀಠದೊಡನೆ ಹುಟ್ಟಿದ ಈ ಅಳತೆಯನ್ನು ಉಕ್ಕಿನ ಬೆಲೆಯೂ ಮಾನಕದ ಶ್ರೇಣಿಯೂ ಕಾಲಕಾಲಕ್ಕೆ ಮರೆಮಾಡಿದುವೇ ಹೊರತು ಬದಲಿಸಲಿಲ್ಲ. ಕಾಲೇಜಿನ ಕಾರ್ಯಶಾಲೆಯಲ್ಲಿ ವಿದ್ಯಾರ್ಥಿಗೆ ಟೂಲುಗಳ ಪಟ್ಟಿಯನ್ನು ಕೊಡುವ ಮುನ್ನ ಅಳತೆಗೋಲನ್ನು ಕೊಟ್ಟು, ತನ್ನ ಲೇಥಿನ ಈ ಒಂದು ದೂರವನ್ನು ತಾನೇ ಅಳೆದು ಬರೆದಿಡುವಂತೆ ಮಾಡುವುದು ಉಚಿತವೆಂದು ನಮ್ಮ ಅಭಿಪ್ರಾಯ.